ನಿಮಗಿದು ಗೊತ್ತೆ? ಕಳೆದುಹೋದ ಪರ್ಸು ಮರಳುವುದೆಲ್ಲಿ?

ಭಾರತವೂ ಸೇರಿ 40 ದೇಶಗಳ 355 ನಗರಗಳಲ್ಲಿ ಸಂಶೋಧಕರು 17,000ಕ್ಕೂ ಹೆಚ್ಚು ಪರ್ಸುಗಳನ್ನು ‘ಬೀದಿಯಲ್ಲಿ ಸಿಕ್ಕಿತು’ ಎಂದು ಬ್ಯಾಂಕ್, ಹೋಟೆಲ್, ಅಂಚೆ ಕಚೇರಿಗಳಲ್ಲಿ ಕೊಟ್ಟು ಕಾದರು. ಒಡೆಯನ ಇಮೇಲ್ ವಿಳಾಸ ಪರ್ಸಿನಲ್ಲೇ ಇತ್ತು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ, ಸುದ್ದಿ ಮುಟ್ಟಿಸುವುದರಲ್ಲಿ ಸ್ವಿಟ್ಜರ್ಲೆಂಡ್, ನಾರ್ವೆ ಮುಂದು. ಚೀನಾ, ಮೊರಾಕ್ಕೊ ಹಿಂದು. ಆದರೆ ಮನಸ್ಸು ತುಂಬುವ ಸಂಗತಿ ಬೇರೆಯೇ ಇದೆ. 38 ದೇಶಗಳಲ್ಲಿ ಹಣವಿಲ್ಲದ ಪರ್ಸಿಗಿಂತ ಹಣವಿದ್ದ ಪರ್ಸಿನ ಒಡೆಯನಿಗೇ ಹೆಚ್ಚು ಜನ ಬರೆದರು! ಅಮೆರಿಕ, ಬ್ರಿಟನ್, ಪೋಲೆಂಡ್‌ಗಳಲ್ಲಿ ಹಣದ ಮೊತ್ತ ಹೆಚ್ಚಿಸಿದಾಗ ಬರೆದವರ ಸಂಖ್ಯೆ ಇನ್ನೂ ಏರಿತು. ಪರ್ಸಿನಲ್ಲಿ ಬೀಗದ ಕೈ ಇದ್ದಾಗಲೂ ಮರಳಿಸಲು ಮುಂದಾದವರು ಹೆಚ್ಚು. ಅದು ಸಿಕ್ಕವರಿಗೆ ಉಪಯೋಗವಿಲ್ಲ, ಕಳೆದುಕೊಂಡವನಿಗೆ ಮಾತ್ರ ಬೇಕು. ಆ ಅಪರಿಚಿತನ ಪರದಾಟವನ್ನು ಅವರು ನೆನೆದಿದ್ದರು.