ಕ್ರಿಸ್ತಜಯಂತಿಯ ಗೋಷ್ಠೀಗಾನ

ಡಿಸೆಂಬರು ತಿಂಗಳಲ್ಲಿ ಕ್ರೈಸ್ತಬಾಂಧವರ ಮಂದಿರಗಳಲ್ಲಿಯೂ ಮನೆಗಳಲ್ಲಿಯೂ ಹಾಡುವ ‘ಕ್ಯಾರೊಲ್’ ಗೀತೆಗಳ ಹೆಸರನ್ನು ವಾಚಕಮಹಾಶಯರು ಕೇಳಿಯೇ ಇರುವರು. ಈ ಶಬ್ದದ ಮೂಲವನ್ನು ವಿಚಾರಿಸಿದರೆ ಒಂದು ಸ್ವಾರಸ್ಯವು ತೋರುತ್ತದೆ. ಹಳೆಯ ಫ್ರೆಂಚ್ ಭಾಷೆಯಲ್ಲಿ ‘ಕರೋಲ್’ ಎಂದರೆ ಜನರು ಕೈಕೈ ಹಿಡಿದು ಮಂಡಲಾಕಾರವಾಗಿ ಹಾಡುತ್ತ ಕುಣಿಯುವ ನೃತ್ಯ. ನಮ್ಮ ಪೂರ್ವಿಕರು ರಾಸವೆಂದೂ ಹಲ್ಲೀಸಕವೆಂದೂ ಕರೆದುದು ಇದರ ಜ್ಞಾತಿಯೇ ಸರಿ. ಒಬ್ಬನು ನುಡಿಯನ್ನು ಹೇಳಿದರೆ ಸುತ್ತಲಿನವರೆಲ್ಲರೂ ಪಲ್ಲವಿಯನ್ನು ಎತ್ತಿಕೊಳ್ಳುವರು. ಕಾಲಕ್ರಮದಲ್ಲಿ ಕುಣಿತವು ಬಿಟ್ಟುಹೋಯಿತು. ಕೂಡಿ ಹಾಡುವುದು ಉಳಿಯಿತು. ಆದಕಾರಣ ಕ್ಯಾರೊಲನ್ನು ಕೇಳತಕ್ಕ ಹಾಡೆನ್ನುವುದಕ್ಕಿಂತ ಬಾಯ್ಗೂಡಿಸತಕ್ಕ ಹಾಡೆನ್ನುವುದೇ ಯುಕ್ತವು.

ಇಂದು ಪ್ರಚಾರದಲ್ಲಿರುವ ಗೋಷ್ಠಿಯ ಕ್ರಮವು ಬಹು ಪ್ರಾಚೀನವಾದುದೇನೂ ಅಲ್ಲ. ಒಂಬತ್ತು ಪಾಠಗಳನ್ನು ಓದಿ ನಡುನಡುವೆ ಗೀತೆಗಳನ್ನು ಹಾಡುವ ಪದ್ಧತಿಯು 1880ರಲ್ಲಿ ಇಂಗ್ಲೆಂಡಿನ ಟ್ರೂರೋ ಪಟ್ಟಣದಲ್ಲಿ, ಅಲ್ಲಿನ ದೊಡ್ಡ ದೇವಾಲಯವು ಇನ್ನೂ ಕಟ್ಟಿ ಮುಗಿಯದಿದ್ದಾಗ, ಮರದ ತಾತ್ಕಾಲಿಕ ಮಂದಿರವೊಂದರಲ್ಲಿ ಆರಂಭವಾಯಿತು. 1918ರಲ್ಲಿ, ಮಹಾಯುದ್ಧವು ನಿಂತ ವರ್ಷವೇ, ಕೇಂಬ್ರಿಜಿನ ಕಿಂಗ್ಸ್ ಕಾಲೇಜಿನವರು ಅದನ್ನು ಕೈಕೊಂಡರು. 1928ರಿಂದ ರೇಡಿಯೋ ಅದನ್ನು ಲೋಕಕ್ಕೆಲ್ಲ ಮುಟ್ಟಿಸಿತು. ಅಲ್ಲಿ ಮೊದಲ ನುಡಿಯನ್ನು ಒಬ್ಬ ಬಾಲಕನು ವಾದ್ಯದ ನೆರವಿಲ್ಲದೆ ಒಂಟಿಯಾಗಿ ಹಾಡುವನು. ಆ ಬಾಲಕನು ಯಾರೆಂಬುದು ಆ ಗಳಿಗೆಯವರೆಗೆ ಬಾಲಕರಿಗೇ ತಿಳಿದಿರುವುದಿಲ್ಲವಂತೆ. ಪರೀಕ್ಷೆಯ ಭಯವನ್ನು ನೀಗಿಸಲು ನಮ್ಮಂಥ ಉಪಾಧ್ಯಾಯರಿಗೆ ಇಂಥ ಉಪಾಯವೊಂದು ಹೊಳೆಯಲಿಲ್ಲವಲ್ಲ!

ಈ ಗೀತೆಗಳಲ್ಲೆಲ್ಲ ನಮಗೆ ವಿಶೇಷ ಪ್ರೀತಿಯಾದುದು ‘ಸೈಲೆಂಟ್ ನೈಟ್’ ಎಂದು ಇಂಗ್ಲಿಷಿನಲ್ಲಿ ಪ್ರಸಿದ್ಧವಾದ ಜರ್ಮನ್ ಹಾಡು. ಅದಕ್ಕೆ ಧಾಟಿಯನ್ನು ಕಟ್ಟಿದವನು ಹಳ್ಳಿಯ ಶಾಲಾಮಾಸ್ತರನಾಗಿದ್ದುದು ನಮ್ಮ ಪಕ್ಷಪಾತಕ್ಕೆ ಕಾರಣವಿದ್ದರೂ ಇರಬಹುದು. ಆಸ್ಟ್ರಿಯಾ ದೇಶದ ಸಾಲ್ಟ್ಸ್‌ಬರ್ಗ್ ನಗರದ ಬಳಿ ಓಬರ್ನ್‌ಡೋರ್ಫ್ ಎಂಬ ಊರಿದೆ. ಅಲ್ಲಿ ಸಹಾಯಕ ಪಾದ್ರಿಯಾಗಿದ್ದ ಯೋಸೆಫ್ ಮೋರ್ ಎಂಬ ತರುಣನು ತಾನು 1816ರಲ್ಲಿ ಬರೆದಿದ್ದ ಆರು ನುಡಿಗಳನ್ನು 1818ನೆಯ ಡಿಸೆಂಬರು 24ರಂದು ನೆರೆಯೂರಿನ ಉಪಾಧ್ಯಾಯ ಫ್ರಾಂಟ್ಸ್ ಗ್ರೂಬರನ ಕೈಗಿತ್ತು, ಇಬ್ಬರು ಗಾಯಕರಿಗೂ ಗಿಟಾರಿಗೂ ಒಪ್ಪುವ ಧಾಟಿಯನ್ನು ಕೇಳಿದನು. ಆ ರಾತ್ರಿಯೇ ಇಬ್ಬರೂ ನಿಂತು ಹಾಡಿದರು. ಆರ್ಗನ್ ವಾದ್ಯವನ್ನು ಇಲಿಗಳು ಕಡಿದುದರಿಂದ ಗಿಟಾರು ಬೇಕಾಯಿತೆಂದು ಹೇಳುವ ಕಥೆಯು ರಮ್ಯವಾಗಿದೆ. ಆದರೆ ಗ್ರೂಬರನು 1854ರಲ್ಲಿ ತಾನೇ ಬರೆದಿಟ್ಟ ವೃತ್ತಾಂತದಲ್ಲಿ ಇಲಿಗಳ ಸುಳಿವೇ ಇಲ್ಲ. ಟಿರೋಲ್ ಪ್ರಾಂತದ ಗಾಯಕ ಕುಟುಂಬಗಳು ಹಾಡನ್ನು ಊರೂರಿಗೆ ಒಯ್ದವು. ಕರ್ತೃಗಳ ಹೆಸರು ಮರೆತುಹೋಗಿ, ಇದು ಯಾವನೋ ಮಹಾವಾಗ್ಗೇಯಕಾರನ ಕೃತಿಯಿರಬೇಕೆಂದು ಜನ ನಂಬಿದರು. ಮೋರನು ತನ್ನ ಕೈಯಿಂದಲೇ ಗ್ರೂಬರನ ಹೆಸರನ್ನು ನಮೂದಿಸಿದ್ದ ಹಸ್ತಪ್ರತಿಯು ದೊರೆತದ್ದು 1995ರಲ್ಲಿ! ಬಡ ಮೇಷ್ಟರಿಗೆ ಯಶಸ್ಸು ಬರಬೇಕಾದರೆ ಇಷ್ಟು ಕಾಲ ಬೇಕಾಗುವುದೇನೋ.

2023ನೆಯ ಡಿಸೆಂಬರಿನಲ್ಲಿ ಬೆಂಗಳೂರಿನ ದಂಡುಪ್ರದೇಶದ ಮಂದಿರವೊಂದರಲ್ಲಿ ಇಂಥ ಗೋಷ್ಠಿಗೆ ಹೋಗುವ ಸಂದರ್ಭವು ನಮಗೆ ಒದಗಿತು. ಕರೆದವರು ನಮ್ಮೊಡನೆ ಶಾಲೆಯಲ್ಲಿ ಗಣಿತವನ್ನು ಹೇಳುತ್ತಿದ್ದ ಕ್ರೈಸ್ತಮಿತ್ರರು. ಗಾಯಕವೃಂದದಲ್ಲಿ ಮಂದ್ರಕಂಠದ ಸಾಲಿನಲ್ಲಿ ನಿಲ್ಲತಕ್ಕವರು. ಜೊತೆಗೆ ಬಂದವರು ವೀಣೆಯನ್ನು ಬಲ್ಲ ಇನ್ನೊಬ್ಬ ಮಿತ್ರರು, ಆಚಾರವಂತರು. ದಾರಿಯುದ್ದಕ್ಕೂ ಅವರದೊಂದೇ ಸಂಶಯ: “ಮೇಷ್ಟ್ರೇ, ಕೇಳಿ ಬರುವುದು ಸರಿ. ಎಲ್ಲರೂ ಎದ್ದು ಹಾಡುವಾಗ ನಾವೇನು ಮಾಡತಕ್ಕದ್ದು? ಸುಮ್ಮನೆ ನಿಂತರೆ ಅಗೌರವ, ಹಾಡಿದರೆ ನಟನೆ.” ಸಂಶಯವು ಹಗುರವಾದುದಲ್ಲ. ನಮಗೂ ಒಡನೆ ಉತ್ತರ ತೋಚಲಿಲ್ಲ.

ಗಾನವು ಮೊದಲಾಯಿತು. ಏಕಧಾಟಿಯ ಸಂಗೀತದಲ್ಲಿ ಬೆಳೆದ ನಮ್ಮ ಕಿವಿಗೆ ನಾಲ್ಕು ಬಗೆಯ ಕಂಠಗಳು ಏಕಕಾಲದಲ್ಲಿ ನಾಲ್ಕು ದಾರಿಯಲ್ಲಿ ನಡೆಯುವುದು ಮೊದಲು ಗೊಂದಲವೆನಿಸಿತು. ಎರಡು ಹಾಡು ಕಳೆಯುವಷ್ಟರಲ್ಲಿ ಮಂದ್ರದ ಸಾಲನ್ನು ಮಾತ್ರ ಹಿಂಬಾಲಿಸುವುದನ್ನು ಕಲಿತೆವು. ಮುಂದಿನ ಸಾಲಿನ ಹುಡುಗಿಯೊಬ್ಬಳು ಶ್ರುತಿಗೆ ದೂರವಾಗಿ, ಆದರೆ ಅತ್ಯುತ್ಸಾಹದಿಂದ ಹಾಡುತ್ತಿದ್ದಳು. ಯಾರೂ ಅವಳನ್ನು ತಡೆಯಲಿಲ್ಲ. ಗೌರೀಹಬ್ಬದ ಹಾಡನ್ನೂ ಯಂತ್ರದ ಬಾಯಿಗೆ ವಹಿಸಿ ಸುಮ್ಮನೆ ಕುಳಿತಿರುವ ನಮ್ಮ ಎಷ್ಟೋ ಮನೆಗಳು ಆಗ ನೆನಪಿಗೆ ಬಂದು ಮನಸ್ಸು ನೊಂದಿತು.

ಕಡೆಗೆ ವಿದ್ಯುದ್ದೀಪಗಳನ್ನು ಆರಿಸಿ, ಕೈಯಿಂದ ಕೈಗೆ ಮೇಣದ ಬತ್ತಿಗಳನ್ನು ಹೊತ್ತಿಸಿ, ಗ್ರೂಬರನ ಧಾಟಿಯನ್ನು ಎತ್ತಿದರು. ಎರಡನೆಯ ನುಡಿಗೆ ನಮ್ಮ ಪಕ್ಕದಲ್ಲಿ ಸಣ್ಣದಾಗಿ ಒಂದು ಧ್ವನಿ ಕೇಳಿಸಿತು. ವೀಣೆಯ ಮಿತ್ರರು ಮಾತಿಲ್ಲದೆ, ಬಾಯಿ ಮುಚ್ಚಿಕೊಂಡೇ ಧಾಟಿಯನ್ನು ಗುನುಗುತ್ತಿದ್ದರು. ಮುಗಿದ ಮೇಲೆ, “ಇದು ಜೋಗುಳದ ನಡೆಯಲ್ಲವೇ ಮೇಷ್ಟ್ರೇ? ತಾಯಿ, ಮಗು, ರಾತ್ರಿ, ಇದರಲ್ಲಿ ನಟಿಸಬೇಕಾದದ್ದೇನಿದೆ?” ಎಂದರು. ಸಹೃದಯನ ವಿಷಯದಲ್ಲಿ ನಮ್ಮ ಆಲಂಕಾರಿಕರು ವಿಸ್ತರಿಸಿ ಹೇಳಿದುದನ್ನು ಅವರು ಎರಡು ಮಾತಿನಲ್ಲಿ ಮುಗಿಸಿಬಿಟ್ಟರು.

ಹೊರಗೆ ಕೇಕನ್ನು ತಿನ್ನುತ್ತ ಮಾತು ಬೆಳೆಯಿತು. ಧಾಟಿಯು ಶಂಕರಾಭರಣದ ಸ್ವರಗಳಲ್ಲಿಯೇ ಇದೆಯೆಂದು ವೀಣೆಯವರು ತೋರಿಸಿದರು. ಮುತ್ತುಸ್ವಾಮಿ ದೀಕ್ಷಿತರೇ ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕೂಡಿಸಿ ನೊಟ್ಟುಸ್ವರಗಳನ್ನು ರಚಿಸಿಲ್ಲವೇ? ಕನ್ನಡದ ಮಾತುಗಳನ್ನು ಇಂಥ ಧಾಟಿಗೆ ಕೂಡಿಸುವುದು ಸುಲಭವಲ್ಲವೆಂದು ಗಣಿತದ ಮಿತ್ರರು ಹೇಳಿದರು. ನಿಜವೇ. ಇಂಗ್ಲಿಷ್ ಪದ್ಯವು ಸ್ವರಾಘಾತವನ್ನು ನೋಡುತ್ತದೆ, ನಮ್ಮದು ಲಘುಗುರುಗಳನ್ನು. ಅಡ್ಡಾದಿಡ್ಡಿಯಾಗಿ ಕೂಡಿಸಿದರೆ ದೀರ್ಘವು ಕುಗ್ಗಿ ಹ್ರಸ್ವವು ಹಿಗ್ಗಿ ಅರ್ಥವೇ ಕೆಡುವುದು. ನಮ್ಮ ಭಾಷೆಗೆ 1894ರಲ್ಲಿ ಮಹಾಕೋಶವನ್ನು ಕೊಟ್ಟ ಕಿಟ್ಟೆಲರು 1862ರಲ್ಲಿ ‘ಕಥಾಮಾಲೆ’ಯನ್ನು ಬರೆದಾಗ ಇದನ್ನು ಚೆನ್ನಾಗಿ ಅರಿತೇ ಕ್ರಿಸ್ತಚರಿತೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಿದರೆಂದು ನಮ್ಮ ಅಭಿಪ್ರಾಯ.

ಆ ಧಾಟಿಯನ್ನು ವೀಣೆಯವರು ಅಂದೇ ಸ್ವರಹಾಕಿ ಬರೆದುಕೊಂಡರು. ಮೊಮ್ಮಗಳನ್ನು ಮಲಗಿಸುವ ಹೊತ್ತಿಗೆ ಅವರ ಮನೆಯಲ್ಲಿ ಅದು ಆಗಾಗ ಕೇಳಿಬರುವುದುಂಟು. ಮೂರನೆಯ ಸಾಲಿಗೆ ಅವರೊಂದು ಗಮಕವನ್ನು ಸೇರಿಸಿದ್ದಾರೆ. ಅದು ಕೂಡದೆಂದು ಗಣಿತದ ಮಿತ್ರರ ವಾದ. ವಾದವು ಇನ್ನೂ ತೀರ್ಮಾನವಾಗಿಲ್ಲ.