ಗೊತ್ತಿದ್ದವರ ಹೆಸರಲ್ಲಿ ಬರುವ ಫೈಲು

ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಪರಿಚಯದವರ ನಂಬರಿನಿಂದಲೇ ಮದುವೆ ಆಮಂತ್ರಣ ಬರುತ್ತದೆ. ಒತ್ತಿದರೆ ಲಗ್ನಪತ್ರಿಕೆ ತೆರೆದುಕೊಳ್ಳುವುದಿಲ್ಲ. ಆ್ಯಪ್ ಇನ್‌ಸ್ಟಾಲ್ ಮಾಡಲೇ ಎಂದು ಫೋನು ಕೇಳುತ್ತದೆ. ಫೈಲಿನ ಹೆಸರಿಗೆ ‘.ಎಪಿಕೆ’ ಎಂಬ ಬಾಲಂಗೋಚಿ ಅಂಟಿಕೊಂಡಿರುತ್ತದೆ. ಅದು ಪತ್ರಿಕೆಯಲ್ಲ, ಆಂಡ್ರಾಯ್ಡ್ ಆ್ಯಪ್. ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ, ಪಿಎಂ ಕಿಸಾನ್ ಎಂದೆಲ್ಲ ವೇಷ ಬದಲಾಗುತ್ತಿರುತ್ತದೆ. ಎಸ್ಸೆಮ್ಮೆಸ್ ಓದಲು ಅನುಮತಿ ಕೊಟ್ಟರೆ ಒಟಿಪಿ ಕಳ್ಳರ ಕೈಸೇರಿತೆಂದೇ ಲೆಕ್ಕ. ಆಮೇಲೆ ಅದೇ ಆಮಂತ್ರಣ ನಿಮ್ಮ ಹೆಸರಲ್ಲಿ ನಿಮ್ಮ ನೆಂಟರಿಷ್ಟರಿಗೂ ಹೋಗಬಹುದು.

ಈ ವಂಚನೆಯ ಬೇರು ಹಳೆಯದು. 2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐಲವ್‌ಯೂ’ ವರ್ಮ್ ಇಮೇಲಿನಲ್ಲಿ ಪ್ರೇಮಪತ್ರವಾಗಿ ಬಂದಿತ್ತು. ಲಗತ್ತಿನ ಹೆಸರು ‘.ಟಿಎಕ್ಸ್‌ಟಿ.ವಿಬಿಎಸ್’ ಎಂದು ಮುಗಿಯುತ್ತಿತ್ತು. ವಿಂಡೋಸ್ ಕೊನೆಯ ತುಂಡನ್ನು ಮರೆಮಾಡುತ್ತಿದ್ದುದರಿಂದ ಓದುವವರಿಗೆ ಅದು ಬರೀ ಅಕ್ಷರದ ಫೈಲಾಗಿ ಕಂಡಿತು. ತೆರೆದವರ ಚಿತ್ರಗಳ ಮೇಲೆ ತನ್ನನ್ನೇ ಬರೆದುಕೊಂಡು, ಔಟ್‌ಲುಕ್ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ಅದು ತಾನೇ ಹೊರಟಿತು. ಬಂದದ್ದು ಸಹೋದ್ಯೋಗಿಯಿಂದ, ಗೆಳೆಯರಿಂದ. ಅದಕ್ಕೇ ಜನ ತೆರೆದರು. ಅಂದೂ ಇಂದೂ ಕಳ್ಳರು ಬಳಸಿಕೊಳ್ಳುವುದು ನಮ್ಮ ನಡುವಿನ ನಂಬಿಕೆಯನ್ನೇ.

ಹಾಗಾಗಿ ಗ್ರೂಪಿಗೆ ಫೈಲು ಹಾಕುವಾಗಿನ ಶಿಷ್ಟಾಚಾರ ಬರೀ ಮರ್ಯಾದೆಯ ಮಾತಲ್ಲ, ಅದೇ ರಕ್ಷಣೆ ಎಂದು ನನಗನ್ನಿಸುತ್ತದೆ. ‘ಭಾನುವಾರದ ಸಂಘದ ಸಭೆಯ ನಡಾವಳಿ, ಎರಡು ಪುಟ, ಪಿಡಿಎಫ್’ ಎಂದು ಒಂದು ಸಾಲು ಬರೆಯುವ ರೂಢಿ ಗ್ರೂಪಿನಲ್ಲಿದ್ದರೆ, ಮಾತಿಲ್ಲದೆ ಬಂದು ಬಿದ್ದ ಫೈಲು ತಾನಾಗಿ ಅನುಮಾನ ಹುಟ್ಟಿಸುತ್ತದೆ. ‘ಇದು ನೀವೇ ಹಾಕಿದ್ದಾ ಅಣ್ಣಾ?’ ಎಂದು ಫೋನು ಮಾಡಿ ಕೇಳಿದರೆ ಯಾರೂ ಬೇಜಾರಾಗಬಾರದು. ಇನ್ನೊಬ್ಬರ ಆಧಾರ್ ಕಾರ್ಡನ್ನು, ಆಸ್ಪತ್ರೆಯ ರಿಪೋರ್ಟನ್ನು ಅವರನ್ನು ಕೇಳದೆ ಹಾಕುವುದಂತೂ ಬೇಡವೇ ಬೇಡ. ಕೊಡಲೇಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರನ್ನು ಬೇಕಾದವರೊಬ್ಬರಿಗೇ ಕಳಿಸಿದರೆ ಸಾಕು.

ಎಪಿಕೆ ಕಂಡ ಕೂಡಲೇ ಅಡ್ಮಿನ್ ಅದನ್ನು ಎಲ್ಲರಿಗೂ ಅಳಿಸಬಹುದು. ಇನ್‌ಸ್ಟಾಲ್ ಆಗಿಯೇ ಹೋಗಿದ್ದರೆ ಮೊದಲು ಮೊಬೈಲ್ ಡೇಟಾ, ವೈಫೈ ಬಂದ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಂತರ ಗ್ರೂಪಿನ ಯಾರಿಗಾದರೂ ಹೇಳಿ, ‘ಆ ಫೈಲು ಮುಟ್ಟಬೇಡಿ’ ಎಂದು ಹಾಕಿಸಿ. ಮೋಸಹೋದವರನ್ನು ಅಲ್ಲಿ ಯಾರೂ ಹೀಯಾಳಿಸದಿದ್ದರೆ, ಮುಂದಿನವರು ಹೇಳಿಕೊಳ್ಳಲು ಹಿಂಜರಿಯುವುದಿಲ್ಲ.