ಅಚ್ಚಾದ ತಪ್ಪಿಗೆ ತಿದ್ದುಪಡಿ ಎಲ್ಲಿ?

ವೈದ್ಯರು ಹೊಸ ಸಂಶೋಧನೆಗಳನ್ನು ತಿಳಿದುಕೊಳ್ಳುವುದು ವೈದ್ಯಕೀಯ ಪತ್ರಿಕೆಗಳಿಂದ. 1823ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ಲ್ಯಾನ್ಸೆಟ್’ ಅವುಗಳಲ್ಲಿ ಹೆಸರಾಂತದ್ದು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆ ಹುಟ್ಟಿಸಿದ ಲೇಖನವೊಂದು 1998ರಲ್ಲಿ ಅದರಲ್ಲಿ ಪ್ರಕಟವಾಯಿತು. ಪರಿಶೀಲಿಸಿದ್ದು ಕೇವಲ 12 ಮಕ್ಕಳನ್ನು. ಆದರೂ ಬ್ರಿಟನ್ನಿನಲ್ಲಿ ಅನೇಕ ತಂದೆತಾಯಂದಿರು ಹೆದರಿ ಲಸಿಕೆ ಹಾಕಿಸಲಿಲ್ಲ. ಮುಂದೆ ಲಕ್ಷಾಂತರ ಮಕ್ಕಳ ಅಧ್ಯಯನಗಳಲ್ಲಿ ಅಂಥ ನಂಟು ಕಂಡುಬರಲಿಲ್ಲ. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು.

ಗ್ರಂಥಾಲಯಗಳಲ್ಲಿ ಬೈಂಡ್ ಆಗಿ ಕುಳಿತ ಹಳೆಯ ಸಂಚಿಕೆಗೆ ಈ ಸುದ್ದಿ ತಲುಪದು. ತಿದ್ದುಪಡಿ ಅಚ್ಚಾಗುವುದು ಬೇರೊಂದು ಸಂಚಿಕೆಯಲ್ಲಿ. ವಿದ್ಯುನ್ಮಾನ ಪ್ರಕಟಣೆಯಲ್ಲಿ ಹಾಗಲ್ಲ. ಅದೇ ಲೇಖನವನ್ನು ಪತ್ರಿಕೆಯ ಜಾಲತಾಣದಲ್ಲಿ ತೆರೆದರೆ, ಹಿಂತೆಗೆದುಕೊಳ್ಳಲಾಗಿದೆ ಎಂಬ ಸೂಚನೆ ಅಲ್ಲಿಯೇ ಕಾಣುತ್ತದೆ.

ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ‘ಪಬ್‌ಮೆಡ್’ ಸೂಚಿ 1997ರಿಂದ ಎಲ್ಲರಿಗೂ ಉಚಿತ. ಅಲ್ಲಿಯೂ ಇಂಥ ಸೂಚನೆಗಳಿರುತ್ತವೆ. ಆದರೆ ಕೈಯಿಂದ ಕೈಗೆ ಹರಿದಾಡುವ ಹಳೆಯ ನಕಲಿನಲ್ಲಿ ಅವು ಇರಲಾರವು. ಆದ್ದರಿಂದ ಯಾವುದೋ ಸಂಶೋಧನೆಯ ಸುದ್ದಿ ಕೇಳಿ ಮಗುವಿನ ಲಸಿಕೆ ನಿಲ್ಲಿಸಬೇಡಿ. ಆ ಲೇಖನ ಇಂದಿಗೂ ಮಾನ್ಯವೇ ಎಂದು ಮೊದಲು ನಿಮ್ಮ ವೈದ್ಯರನ್ನು ಕೇಳಿ.